ಹಾಯಿದೋಣಿಗೆ ಔಟ್‌ಬೋರ್ಡ್ ಬೇಕೇ? ಮೊದಲು ಟೇಪ್ ಹಿಡಿಯಿರಿ

ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ನಾನೂ ಹಾಗೇ ಕೇಳಿ ಕೆಟ್ಟೆ. ನನ್ನ 24 ಅಡಿಯ ಹಾಯಿದೋಣಿಗೆ 15 ಇಂಚು ಶಾಫ್ಟಿನ, ಅಂದರೆ ಪ್ರೊಪೆಲ್ಲರ್ ಕಡೆಗೆ ಇಳಿಯುವ ಕಾಲು ಗಿಡ್ಡವಾಗಿದ್ದ, ಮೋಟಾರ್ ಸಿಕ್ಕಿಸಿದ್ದೆ. ಅಲೆ ಜಾಸ್ತಿಯಾಗಿ ಹಿಂಬದಿ ಎದ್ದಾಗಲೆಲ್ಲ ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿಯಲ್ಲಿ ಕಿರುಚುತ್ತಿತ್ತು. ಎಂಜಿನ್ ಓಡುತ್ತಿದೆ, ದೋಣಿ ಮಾತ್ರ ನಿಂತಲ್ಲೇ!

ಆದ್ದರಿಂದ ಮೋಟಾರ್ ಕೂರಿಸುವ ಬ್ರಾಕೆಟ್ಟನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲಂಚಿನಿಂದ ನೀರಿಗೆ ಎಷ್ಟಿದೆ ಅಳೆಯಿರಿ. ಶಾಫ್ಟ್ ಸಾಮಾನ್ಯವಾಗಿ 15, 20, 25 ಇಂಚುಗಳಲ್ಲಿ ಬರುತ್ತದೆ. ಇಂಥ ದೋಣಿಗೆ 20ಕ್ಕಿಂತ ಕಡಿಮೆ ಬೇಡ. ಬ್ರಾಕೆಟ್ ಎತ್ತರದಲ್ಲಿದ್ದರೆ 25 ನೋಡಿ.

ಶಕ್ತಿಗೆ ನನ್ನ ಲೆಕ್ಕ ಟನ್ನಿಗೆ 4 ಎಚ್‌ಪಿ. 2 ಟನ್ ದೋಣಿಗೆ 8 ಸಾಕು. 15 ಎಚ್‌ಪಿ ಹಾಕಿದರೂ ವೇಗ ಅಷ್ಟೇನೂ ಏರುವುದಿಲ್ಲ, ಸುಮ್ನೆ ಹಿಂದೆ ಭಾರ ಅಲ್ವಾ? ಬದಲಿಗೆ ಅಗಲವಾದ, ಕಡಿಮೆ ಪಿಚ್‌ನ (ಅಂದರೆ ಎಲೆಗಳ ಓರೆ ಕಡಿಮೆ ಇರುವ) ಹೈ-ಥ್ರಸ್ಟ್ ಪ್ರೊಪೆಲ್ಲರ್ ಕೇಳಿ. ಭಾರದ ದೋಣಿಯನ್ನು ತಳ್ಳುವುದು, ನಿಲ್ಲಿಸುವುದು ಅದೇ.

ಬ್ಯಾಟರಿಗೆ ಚಾರ್ಜ್ ಕೊಡುವ ಮಾಡೆಲ್ಲೇ ಇರಲಿ.

ಕೊನೆಗೆ, ಕಾಕ್‌ಪಿಟ್ಟಿನಲ್ಲಿ (ದೋಣಿ ನಡೆಸುವವರು ಕೂರುವ ಜಾಗ) ಕೂತು ಗೇರ್ ಕೈಗೆ ಎಟುಕುತ್ತದಾ ನೋಡಿ. ನಾನು ಇವತ್ತಿಗೂ ರಿವರ್ಸ್ ಹಾಕಲು ಅರ್ಧ ದೇಹ ಹೊರಗೆ ಚಾಚಬೇಕು.