ಅಪ್ಪೆ ಮರ ಉಳಿಯಿತು, ಕೊಟ್ಟಿಗೆ ಜಾಗ ಬಿಟ್ಟಿತು

ನಮ್ಮ ಮನೆ ಶಿರಸಿ ಹತ್ತಿರ. ಅಂಗಳದ ಅಂಚಿಗೆ ಒಂದು ಅಪ್ಪೆಮಿಡಿ ಮರ, ಮಿಡಿ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು. ಅಜ್ಜ ಹುಡುಗನಾಗಿದ್ದಾಗಲೇ ಅದು ದೊಡ್ಡ ಮರವಂತೆ. ನಾಲ್ಕು ವರ್ಷದ ಹಿಂದೆ ಮಳೆಗಾಲ ಮುಗಿಸಿ ತಲೆ ಎತ್ತಿ ನೋಡಿದರೆ ನೆತ್ತಿಯ ಕೊಂಬೆಗಳು ಒಣಗಿದ್ದವು. ಕಾಂಡದ ಮೇಲೆ ತಟ್ಟೆಯಂಥ ಅಣಬೆ ಎದ್ದಿತ್ತು. ಮರದ ಬುಡಕ್ಕೇ ಕೊಟ್ಟಿಗೆ, ಒಳಗೆ ಮೂರು ದನ, ಒಂದು ಕರು.

ನೋಡಿದವರೆಲ್ಲ ಕಡಿಸಿಬಿಡಿ ಅಂದರು. ಆಯಿ ಮಾತ್ರ, "ಕಡಿಯದಾದ್ರೆ ಕಡಿ ತಮಾ, ಬಪ್ಪ ವರ್ಷ ಉಪ್ಪಿನಕಾಯಿ ಮಾತ್ರ ಕೇಳಡ" ಅಂದಳು.

ಅಡಿಕೆ ತೋಟದವರಿಗೆ ಅಣಬೆ ಕಂಡರೆ ಎದೆ ಧಸಕ್ ಅನ್ನುತ್ತದೆ. ಅಣಬೆ ರೋಗ ಬಂದ ಅಡಿಕೆ ಮರ ಉಳಿಯುವುದು ಕಷ್ಟ, ಅಲ್ವಾ? ಅದಕ್ಕೇ ಮೊದಲು ಬುಡ ಕೆದಕಿದೆ. ಅಣಬೆ ಬೇರಿಗೆ ಬಂದಿದ್ದರೆ ನಾನೇ ಕಡಿಸುತ್ತಿದ್ದೆ. ಬೇರು ಕೊಳೆತ ಮರ ಹಸಿರೆಲೆ ಹೊತ್ತುಕೊಂಡೇ ಬುಡಸಮೇತ ಮಗುಚಬಹುದು. ನಮ್ಮದರಲ್ಲಿ ದಪ್ಪ ಬೇರುಗಳು ಗಟ್ಟಿಯಾಗಿದ್ದವು. ಅಣಬೆ ಇದ್ದದ್ದು 8 ಅಡಿ ಮೇಲೆ, ಹಳೇ ಕೊಂಬೆ ಮುರಿದ ಗಾಯದ ಪಕ್ಕ. ಅದು ತಿನ್ನುತ್ತಿದ್ದದ್ದು ನಡುವಿನ ತಿರುಳನ್ನು. ತಿರುಳು ಹೇಗೂ ಸತ್ತ ಭಾಗವೇ. ನೀರು ಏರುವುದು ಕಾಂಡದ ಹೊರಸುತ್ತಿನ ಪದರದಲ್ಲಿ. ಪೊಳ್ಳು ಮರಗಳು ವರ್ಷಗಟ್ಟಲೆ ಕಾಯಿ ಬಿಡುವುದು ಹಾಗಾಗಿಯೇ.

ಇನ್ನು ಪೊಳ್ಳು ಎಷ್ಟು ಅಂತ ತಿಳಿಯಬೇಕಿತ್ತು. ಮರದ ಕೊಡತಿ ಹಿಡಿದು ಕಾಂಡದ ಸುತ್ತ ಬಡಿಯುತ್ತಾ ಬಂದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪೊಳ್ಳಿದ್ದಲ್ಲಿ ಡಬ್ ಅನ್ನುತ್ತದೆ, ಹಲಸಿನ ಹಣ್ಣು ಬಡಿದು ನೋಡಿದ ಹಾಗೆ. ಅನುಮಾನ ಬಂದ ಮೂರೇ ಕಡೆ ಸಪೂರ ಡ್ರಿಲ್ ಬಿಟ್ಟೆ. ಜಾಸ್ತಿ ತೂತು ಕೊರೆಯಬಾರದು. ಮರ ಕೊಳೆತದ ಸುತ್ತ ತಾನೇ ಒಂದು ಗೋಡೆ ಕಟ್ಟಿಕೊಂಡಿರುತ್ತದೆ, ಡ್ರಿಲ್ ಅದನ್ನೇ ಒಡೆಯುತ್ತದೆ. ಒಣ ಬಿಳಿ ಪುಡಿ ನಿಂತು ಒದ್ದೆ ಕಂದು ಪುಡಿ ಬಂದಲ್ಲಿಗೆ ಗಟ್ಟಿ ಭಾಗ ಮುಗಿಯಿತು ಅಂತ ಲೆಕ್ಕ.

ಜರ್ಮನಿಯ ಕ್ಲೌಸ್ ಮಾಟೆಕ್ ಎಂಬ ವಿಜ್ಞಾನಿ ಮುರಿದ, ಮುರಿಯದ ಪೊಳ್ಳು ಮರಗಳನ್ನು ಅಳೆದು ಒಂದು ಅಂದಾಜು ಕೊಟ್ಟಿದ್ದಾರೆ. ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದಷ್ಟು ಗಟ್ಟಿ ಮರ ಸುತ್ತಲೂ ಇರಬೇಕು. ನಮ್ಮ ಮರದ ಸುತ್ತಳತೆ 12 ಅಡಿ, ತ್ರಿಜ್ಯ ಸುಮಾರು 23 ಇಂಚು. ಅಂದರೆ ಏಳೂವರೆ ಇಂಚಾದರೂ ಬೇಕು. ಎರಡು ಕಡೆ 9 ಇಂಚು ಸಿಕ್ಕಿತು. ಕೊಟ್ಟಿಗೆ ಕಡೆ ಬರೀ 4.

ಆ ಕಡೆ ಸೊರಗಲು ಅಪ್ಪಯ್ಯನ ಸಿಮೆಂಟೂ ಒಂದು ಕಾರಣ. ಹಿಂದೆ ಪೊಟರೆಗೆ ಸಿಮೆಂಟ್ ತುಂಬಿಸುವುದೇ ಮರದ ವೈದ್ಯವಾಗಿತ್ತು. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಸಂದಿ ಬಿಟ್ಟು ನೀರು ಇಳಿದು ಅಲ್ಲೇ ನಿಲ್ಲುತ್ತದೆ. ಸಡಿಲಾದ ಚೂರುಗಳನ್ನು ಕಿತ್ತೆ, ಕಚ್ಚಿಕೊಂಡಿದ್ದನ್ನು ಹಾಗೇ ಬಿಟ್ಟೆ.

ಆಲದ ಮರವಾಗಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ. ಕೋಲ್ಕತ್ತ ಪಕ್ಕದ ಹೌರಾದ ಸಸ್ಯೋದ್ಯಾನದ ದೊಡ್ಡ ಆಲದ ಮುಖ್ಯ ಕಾಂಡ ಕೊಳೆತು 1925ರಲ್ಲಿ ಅದನ್ನು ತೆಗೆದೇಬಿಟ್ಟರು. ಬಿಳಲುಗಳ ಮೇಲೆ ಮರ ಇಂದಿಗೂ ನಿಂತಿದೆ. ಮಾವಿಗೆ ಇರುವುದು ಒಂದೇ ಕಾಲು.

ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ನಾನು ಇಡೀ ಹೊತ್ತು ಮರವನ್ನೇ ನೋಡುತ್ತಿದ್ದೆ. ಮರ ಬಿದ್ದರೆ ಅಪಾಯ ಇರುವುದು ಕೆಳಗೆ ಯಾರಾದರೂ ಇದ್ದರೆ ತಾನೇ? ಕೊಟ್ಟಿಗೆಯ ಮಾಡು ಹೇಗೂ ಗೆದ್ದಲು ಹಿಡಿದಿತ್ತು. ಅದನ್ನೇ ಬಿಚ್ಚಿ ಮನೆಯ ಹಿಂದೆ ಕಟ್ಟಿಸಿದೆ. ಮರ ಕಡಿಸುವುದಕ್ಕಿಂತ ಖರ್ಚು ಜಾಸ್ತಿಯೇ ಬಂತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಭಾರ ಇಳಿಸುವ ಕೆಲಸ. ನವೆಂಬರ್ ಆರಿಸಿಕೊಂಡೆ. ಮಳೆ ಇರುವುದಿಲ್ಲ, ಮೇಲಿನ ಪೊಟರೆಗೆ ಮಂಗಟ್ಟೆ ಹಕ್ಕಿ ಇನ್ನೂ ಗೂಡಿಗೆ ಬಂದಿರುವುದಿಲ್ಲ. ಮರ ಸವರುವವನು ನೆತ್ತಿಯನ್ನೇ ಹಾರಿಸುತ್ತೇನೆ ಅಂದ. ಬೇಡ ಅಂದೆ. ತಲೆ ಕಡಿದರೆ ದೊಡ್ಡ ಗಾಯದಿಂದ ಕೊಳೆತ ಮತ್ತೆ ಒಳಗಿಳಿಯುತ್ತದೆ. ಚಿಗುರು ಪೊದೆಯಾಗಿ ಬಂದು ಆಮೇಲೆ ಸುಲಭವಾಗಿ ಕಿತ್ತು ಬೀಳುತ್ತದೆ. ಉದ್ದ ಕೊಂಬೆಗಳ ತುದಿಯನ್ನು ಮಾತ್ರ, ಒಂದು ಕವಲಿನ ತನಕ, ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಸಿದೆ. ಒಂದು ಸಲಕ್ಕೆ ಐದನೇ ಒಂದು ಪಾಲು ಎಲೆಗಿಂತ ಜಾಸ್ತಿ ಇಲ್ಲ. ಬಂದಳಿಕೆ ಹಿಡಿದ ಕೊಂಬೆಗಳಿಗೆ ಮೊದಲ ಸರದಿ. ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿದೆ. ಒಳಗಿನ ಕೊಳೆತವನ್ನು ಅದೇನೂ ತಡೆಯುವುದಿಲ್ಲ, ಆದರೆ ತೋಟದವನ ಕೈ ಸುಮ್ನೆ ಕೂರಬೇಕಲ್ಲ!

ಬುಡದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದನ್ನು ಬಿಟ್ಟು ದರಕು, ಅಂದರೆ ಒಣ ಎಲೆ, ಹಾಸಿದೆ. ಮಿಡಿಗಾಗಿ ಕೊಂಬೆ ಕಡಿದು ಕೆಡವುವುದೂ ನಿಂತಿತು. ಜೊತೆಗೆ ಹತ್ತು ಕಸಿ ಕಟ್ಟಿಸಿದೆ, ಆರು ಹತ್ತಿದವು. ಸೊನೆಯ ಅದೇ ಪರಿಮಳ ಬೇಕೆಂದರೆ ಬೀಜ ನೆಟ್ಟು ನಂಬುವ ಹಾಗಿಲ್ಲ.

ಹೋದ ಜುಲೈನಲ್ಲಿ, ಗಾಳಿ ಮಳೆಯ ರಾತ್ರಿ, ಕೊಟ್ಟಿಗೆ ಕಡೆಯ ಒಂದು ಕೊಂಬೆ ಬಿತ್ತು. ಆ ಜಾಗದಲ್ಲಿ ಉಳಿದಿದ್ದದ್ದು ದನಕ್ಕೆ ಅಕ್ಕಚ್ಚು ಕುಡಿಸುವ ಕಲ್ಲುಬಾನಿ ಒಂದೇ. ಅದು ಎರಡು ಹೋಳಾಯಿತು. ಬೆಳಿಗ್ಗೆ ಆಯಿ ಬಂದು ಮರವನ್ನು ನೋಡಲಿಲ್ಲ, ಬಾನಿಯನ್ನು ನೋಡಿದಳು. "ಇದನ್ನೂ ಆಚೆ ಇಡಕಾಗಿತ್ತು" ಅಂದಳು.