ಅಂಟು ಹಾಕಿದ ಗಾಲಿ ಸಿಗ್ನಲ್‌ಗೆ ಕಾಣಬೇಕಾದರೆ

ಹಿತ್ತಲದಾಗ 5 ಇಂಚಿನ ಗೇಜಿನ (ಎರಡು ಹಳಿ ನಡುವಿನ ಅಂತರ) ಸಣ್ಣ ರೈಲು ಓಡಿಸಿ, ಅದಕ್ಕ ಸಿಗ್ನಲ್ ಕೂಡಿಸಬೇಕು ಅನ್ನೋರು ರಿಲೇ (ಕರೆಂಟಿನಿಂದ ನಡಿಯೂ ಸ್ವಿಚ್) ತರೂಕಿಂತ ಮೊದಲ ಗಾಲಿ ನೋಡ್ರಿ. ಹುಬ್ಬಳ್ಳ್ಯಾಗ ಸಿಗ್ನಲ್ ಕೆಲಸದಾಗ ತಲಿ ಬೆಳ್ಳಗ ಮಾಡ್ಕೊಂಡಾಂವ ಹೇಳಾಕತ್ತೀನಿ.

ಹಳಿ ಮ್ಯಾಲ ಗಾಡಿ ಐತೋ ಇಲ್ಲೋ ಅಂತ ಹಳಿಯಾಗ ಕರೆಂಟ್ ಬಿಟ್ಟು ತಿಳಿಯೂ ಟ್ರ್ಯಾಕ್ ಸರ್ಕ್ಯೂಟ್ ಸರಳ ಐತಿ. ಹಳಿಯ ಒಂದು ತುದಿಗೆ ರೆಸಿಸ್ಟರ್ ಮೂಲಕ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ. ಗಾಡಿ ಬಂತಂದ್ರ ಗಾಲಿ, ಆ್ಯಕ್ಸಲ್ ಕೂಡಿ ಎರಡೂ ಹಳಿ ಶಾರ್ಟ್ ಮಾಡ್ತಾವು. ಕರೆಂಟ್ ಸಿಗದ ರಿಲೇ ಬೀಳತೈತಿ, ಸಿಗ್ನಲ್ ಕೆಂಪಾಗತೈತಿ. ವೈರ್ ಹರಿದರೂ ಕೆಂಪ, ಬ್ಯಾಟರಿ ಸತ್ತರೂ ಕೆಂಪ.

ದೊಡ್ಡ ರೈಲಿನ್ಯಾಗ ಗಾಲಿಯನ್ನ ಟನ್‌ಗಟ್ಟಲೆ ಒತ್ತಡದಾಗ ಆ್ಯಕ್ಸಲ್‌ಗೆ ಒತ್ತಿ ಕೂಡಸ್ತಾರ. ನಾವು ಲಾಕ್‌ಟೈಟ್ 638 ಅನ್ನೋ ಅಂಟು ಹಚ್ಚಿ ಕೂಡಸ್ತೀವಿ. ಹಿಡಿತ ಗಟ್ಟಿನ, ಆದರ ಆ ಅಂಟು ಕರೆಂಟ್ ಬಿಡೂದಿಲ್ಲ, ಹಳಿ ಶಾರ್ಟ್ ಆಗೂದಿಲ್ಲ. ಗಾಡಿ ನಿಂತಿರತೈತಿ, ಸಿಗ್ನಲ್ ಹಸಿರು ತೋರಸತೈತಿ, ಹಿಂದಿನ ಗಾಡ್ಯಾಗ ಹುಡುಗರು ಕುಂತಿರ್ತಾರ. ಇದಕ್ಕಿಂತ ಕೆಟ್ಟ ಫಾಲ್ಟ್ ಸಿಗ್ನಲ್ ಕೆಲಸದಾಗ ಇಲ್ಲ.

ಮಲ್ಟಿಮೀಟರ್ 200 ಓಮ್‌ಗೆ ಇಟ್ಟು ಒಂದು ಗಾಲಿಯಿಂದ ಇನ್ನೊಂದಕ್ಕ ಅಳೀರಿ. ಸೊನ್ನೆ ಬಂದರೂ ನಂಬಬ್ಯಾಡ್ರಿ. ಅಂಟಿನ ನಡುವ ಎಲ್ಲೋ ಒಂದು ಕಡೆ ಲೋಹಕ್ಕ ಲೋಹ ತಾಗಿರತೈತಿ, ನಾಳೆ ಭಾರ ಬಿದ್ದಾಗ ಬಿಡತೈತಿ. ಅದಕ್ಕ ಕರೆಂಟ್ ದಾಟೂಹಂಗ ಎಲ್ಲಾ ಗಾಲಿಗೂ ಸ್ಕ್ರೂ ಹಾಕ್ರಿ ಅಂತೀನಿ.

ಗಾಲಿ ಮತ್ತ ಆ್ಯಕ್ಸಲ್ ಕೂಡೂ ಗೆರಿ ಮ್ಯಾಲ, ಹೊರಗಿನ ಮುಖದಿಂದ, ಅರ್ಧ ಗಾಲ್ಯಾಗ ಅರ್ಧ ಆ್ಯಕ್ಸಲ್‌ನಾಗ ಬರೂಹಂಗ 3.3 ಮಿಲಿಮೀಟರ್ ತೂತು ಕೊರೀರಿ. ಎರಕದ ಗಾಲಿ, ಸ್ಟೀಲ್ ಆ್ಯಕ್ಸಲ್ ಇದ್ದರ ಬಿಟ್ ಮೆತ್ತನ ಕಡೆ ಜಾರತೈತಿ. ಸೆಂಟರ್ ಡ್ರಿಲ್‌ನಿಂದ ಸುರು ಮಾಡಿ, ಕೆಲಸ ಗಟ್ಟಿ ಬಿಗಿದು, ನಿಧಾನ ಇಳೀರಿ. ಲೇಥ್ ಇಲ್ಲಂದ್ರ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಮಾಡಿಸ್ರಿ. ಎಂ4 ಟ್ಯಾಪ್ ಹೊಡದು (4 ಮಿಲಿಮೀಟರ್ ಸ್ಕ್ರೂಗೆ ಎಳಿ ಕೊರದು) ಚೂರು ಊದಿ ತಗದು ಗ್ರಬ್ ಸ್ಕ್ರೂ (ತಲಿ ಇಲ್ಲದ ಸ್ಕ್ರೂ) ಬಿಗೀರಿ. ಎಳಿಗೆ ಅಂಟು ಹಚ್ಚಬ್ಯಾಡ್ರಿ. ಪಂಚ್‌ನಿಂದ ಅಂಚು ಬಡದರ ಸ್ಕ್ರೂ ಸಡಲೂದಿಲ್ಲ. ಆ್ಯಕ್ಸಲ್ ಹೊರಗ ಚಾಚಿದ್ರ ಗಾಲಿಯ ನಡುಭಾಗದಾಗ ಅಡ್ಡ ತೂತು ಹಾಕಿ ಚೂಪು ತುದಿಯ ಗ್ರಬ್ ಸ್ಕ್ರೂನ ಆ್ಯಕ್ಸಲ್‌ಗೆ ಕಚ್ಚಿಸ್ರಿ. ಬೆಸುಗಿ ಮಾಡಬ್ಯಾಡ್ರಿ, ಶಾಖಕ್ಕ ಅಂಟು ಸಡಲತೈತಿ.

ಆಮೇಲೆ ಗಾಡಿ ಬದಲಿಗೆ ಎರಡೂ ಹಳಿ ಮ್ಯಾಲ 0.5 ಓಮ್ ರೆಸಿಸ್ಟರ್ ಅಡ್ಡ ಇಟ್ಟು ನೋಡ್ರಿ, ರಿಲೇ ಬೀಳಬೇಕು. ಭಾರತೀಯ ರೈಲ್ವೆ ಡಿಸಿ ಸರ್ಕ್ಯೂಟಿಗೂ ಇದೇ ಅಳತಿ. ಕಡೀಗೆ ಹಗುರಾದ ಖಾಲಿ ಟ್ರಾಲಿ ಒಂದನ್ನ ತಳ್ಳಿ ಪ್ರತಿ ಸೆಕ್ಷನ್ ನೋಡ್ರಿ. ಮಳಿಗಾಲದಾಗ ಹಳಿಗೆ ತುಕ್ಕು ಹಿಡದಾಗ ಇನ್ನೊಮ್ಮೆ. ಗಾಲಿ ಕೊರಿಯಾಕ ಆಗದ ಹಳೀ ಗಾಡಿ ಇದ್ದರ ಆ ಲೈನಿಗೆ ಆ್ಯಕ್ಸಲ್ ಕೌಂಟರ್ ಹಾಕ್ರಿ. ಅದು ಗಾಲಿ ಎಣಸತೈತಿ, ಕರೆಂಟ್ ಕೇಳೂದಿಲ್ಲ.