ಇಕ್ಕಟ್ಟಾದ ಗ್ಯಾರೇಜಿಗೆ ಸ್ಪೋರ್ಟ್ಸ್ ಕಾರು: ನನ್ನ ಅನುಭವ

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಸಿಂಗಲ್ ಗ್ಯಾರೇಜ್ ತುಂಬಾ ಇಕ್ಕಟ್ಟು. ನಮ್ಮದರ ಒಳ ಅಗಲ 244 ಸೆಂ.ಮೀ. ನನ್ನ ಮಜ್ದಾ ಎಂಎಕ್ಸ್-5 ಕನ್ನಡಿ ಬಿಟ್ಟು 173.5 ಸೆಂ.ಮೀ. ಕಾರೇನೋ ಒಳಗೆ ಹೋಗುತ್ತದೆ. ಇಳಿಯುವುದು ಹೇಗೆ?

ಇಲ್ಲೂ ನಮ್ಮೂರಿನಂತೆ ಸ್ಟಿಯರಿಂಗ್ ಬಲಗಡೆ. ಹಾಗಾಗಿ ಮೂತಿ ಮುಂದಾಗಿ ಒಳಗೆ ತಂದು, ಎಡಗೋಡೆ ಕಡೆಗೆ ಒತ್ತಿ ನಿಲ್ಲಿಸುತ್ತೇನೆ. ಅಂದಾಜು ತಪ್ಪದಿರಲಿ ಅಂತ ಎಡಚಕ್ರದ ಪಕ್ಕ ನೆಲಕ್ಕೆ ಉದ್ದನೆಯ ಮರದ ಪಟ್ಟಿ ಹೊಡೆದೆ. ಟೈರು ಅದಕ್ಕೆ ತಾಗಿದರೆ ಸ್ಟಿಯರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ. ಎಡಕ್ಕೆ 25, ಬಲಕ್ಕೆ ಸುಮಾರು 45 ಸೆಂ.ಮೀ. ಉಳಿಯುತ್ತದೆ. ಡೋರ್ ತಾಗುವ ಕಡೆ ಗೋಡೆಗೆ ದಪ್ಪ ಫೋಮ್ ಅಂಟಿಸಿದ್ದೇನೆ. ಬಣ್ಣ ಕೆರೆದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಜಾಸ್ತಿ ಉಪಯೋಗಕ್ಕೆ ಬಂದದ್ದು ಕಾರಿನ ಬಟ್ಟೆಯ ಟಾಪ್, ಅಂದರೆ ಮಡಚಿ ಇಳಿಸಬಹುದಾದ ಛಾವಣಿ. ಕನ್ನಡಿ ಮಡಚಿ, ಟಾಪ್ ಇಳಿಸಿಯೇ ಒಳಗೆ ಹೋಗುತ್ತೇನೆ. ಡೋರ್ ಅರ್ಧ ತೆರೆದರೂ ಸೀದಾ ಎದ್ದು ನಿಂತು ಇಳಿಯಬಹುದು. ಇಳಿದ ಕೂಡಲೇ ಟಾಪ್ ಮೇಲೆಳೆಯಿರಿ. ಒದ್ದೆ ಬಟ್ಟೆ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ.